ಆ ಬೂದು ಪ್ಯಾಂಟು ನನ್ನದು

ಸೆಪ್ಟೆಂಬರ್ 4, ಗುರುವಾರ

ಬೂದು ಪ್ಯಾಂಟು ಎರಡು ಸಲ ಉಜ್ಜಿದೆ. ಕಲೆ ಪೂರ್ತಿ ಹೋಗಲಿಲ್ಲ. ತಣ್ಣೀರಿನಲ್ಲಿ ನೆನೆಸಿಟ್ಟಿದ್ದೇನೆ. ಅಮ್ಮ ಕೇಳಿದರೆ ಜಾಮ್ ಎನ್ನುವುದು.

ಯಾರೋ ಹುಡುಗರು ಟಾಯ್ಲೆಟ್ಟಿನಲ್ಲಿ ವೇಪ್, ಅದೇ ಇ-ಸಿಗರೇಟು, ಸೇದಿದರಂತೆ. ಅದಕ್ಕೆ ಪಾಠದ ಹೊತ್ತಿನಲ್ಲಿ ಎಲ್ಲ ಟಾಯ್ಲೆಟ್ಟಿಗೂ ಬೀಗ. ಬೀಗದ ಕೈ ವೈಸ್ ಪ್ರಿನ್ಸಿಪಾಲ್ ಹ್ಯಾಸ್ಕೆಲ್ ಹತ್ತಿರ. ಹೋಗಿ ಕೇಳಿದೆ. “ಇನ್ನೇನು ಬೆಲ್ ಆಗುತ್ತೆ, ಸ್ವಲ್ಪ ತಡ್ಕೊಳಮ್ಮ.” ಮುಟ್ಟು ಎಂದರೆ ತಡೆದುಕೊಳ್ಳುವಂಥದ್ದಾ? ಆ ಮನುಷ್ಯನಿಗೆ ಹೇಗೆ ಬಿಡಿಸಿ ಹೇಳಲಿ?

ಗೆಳತಿ ಕೆಂಡ್ರಾ ತನ್ನ ಸ್ವೆಟರನ್ನು ನನ್ನ ಸೊಂಟಕ್ಕೆ ಕಟ್ಟಿದಳು. ಬೆನ್ನಿಗೆ ಅಂಟಿಕೊಂಡೇ ನಡೆದು ಬಸ್ಸು ಹತ್ತಿಸಿದಳು. ಯಾರೂ ನೋಡಲಿಲ್ಲ. “ಯಾರಿಗೂ ಹೇಳಲ್ಲ ಕಣೇ ಜೋಲೀನ್, ಆಣೆ.”

ಸೆಪ್ಟೆಂಬರ್ 9

ಬೀಗ ತೆಗೆಯಿರಿ ಎಂದು ಸ್ಕೂಲ್ ಬೋರ್ಡಿಗೆ ಮನವಿ ಬರೆದೆ. ನಾನೇ, ಒಂದೊಂದು ಅಕ್ಷರವೂ. ಕೆಂಡ್ರಾ ಓದಿ ‘ಸೂಪರ್’ ಎಂದಳು. ಊಟದ ಹೊತ್ತಿಗೆ ಕ್ಯಾಂಟೀನಿನ ಮೇಜು ಹತ್ತಿ ಎಲ್ಲರೆದುರು ಓದಿಯೇಬಿಟ್ಟಳು. ಚಪ್ಪಾಳೆಯೋ ಚಪ್ಪಾಳೆ. ಸಹಿ ಹಾಕಲು ಕ್ಯೂ. ಈಗ ಅದು ‘ಕೆಂಡ್ರಾಳ ಮನವಿ’ ಅಂತೆ! ಪಕ್ಕದಲ್ಲಿ ನಾನು ಪೆನ್ನು ಹಿಡಿದು ನಿಂತಿದ್ದೆ. ಆ ಪೆನ್ನೂ ನನ್ನದೇ.

ಅವಳ ಕೂದಲು ಯಾಕೆ ಹಾಗೆ ಹೊಳೆಯುತ್ತದೆ? ನಾನು ಹಾಕುವುದೂ ಅದೇ ಶಾಂಪೂ.

ಸೆಪ್ಟೆಂಬರ್ 24

ಆಲೂಗಡ್ಡೆ ರಜೆ; ಕಟಾವಿಗೆ ಕೈ ಬೇಕೆಂದು ಸ್ಕೂಲೇ ಮುಚ್ಚುತ್ತದೆ. ಇಷ್ಟು ದಿನ ಬರೆಯಲು ಕೈ ಏಳಲಿಲ್ಲ. ದಿನವಿಡೀ ಕಟಾವು ಯಂತ್ರದ ಮೇಲೆ ನಿಂತು ಕಲ್ಲು, ಹೆಂಟೆ ಆರಿಸುವುದು. ಎದುರಿಗೇ ಕೆಂಡ್ರಾ. ಮುಖದ ತುಂಬ ಧೂಳು... ಆದರೂ ಚೆಂದ, ದರಿದ್ರದವಳು. ನಮ್ಮ ಕ್ಲಾಸಿನ ಟ್ಯಾನರ್ ಟ್ರಾಕ್ಟರ್ ಓಡಿಸುತ್ತಾನೆ. ಅವಳಿಗೆ ಮಾತ್ರ ಡೋನಟ್ ತಂದ. ಅವಳು ಮುರಿದು ಅರ್ಧ ನನಗೆ ಕೊಟ್ಟಳು. ತಿಂದೆ.

“ಬೋರ್ಡ್ ಮೀಟಿಂಗಲ್ಲಿ ನೀನೇ ಮಾತಾಡೇ. ಆಗಿದ್ದು ನಿಂಗಲ್ವಾ?”

“ಸತ್ರೂ ಇಲ್ಲ. ನೀನೇ ಮಾತಾಡು. ನಿಂಗೆ ಚೆನ್ನಾಗಿ ಬರುತ್ತಲ್ಲ!” ನನ್ನ ಮುಖ ಹುಳ್ಳಗಾಗಿತ್ತೇನೋ. ಅವಳು ನಕ್ಕಳು.

ಅಕ್ಟೋಬರ್ 14, ಮಂಗಳವಾರ

ಬೋರ್ಡ್ ಸಭೆ ಮುಗಿಸಿ ಈಗಷ್ಟೇ ಬಂದೆ. ಹ್ಯಾಸ್ಕೆಲ್ ಎದ್ದು ಹೇಳಿದ, “ಈ ಮಕ್ಕಳು ಹೇಳೋದೆಲ್ಲ ಬರೀ ಬಾಯಿಮಾತು. ಯಾರಿಗಾದ್ರೂ ಹಾಗೆ ಆಗಿದ್ರೆ ಎದ್ದು ಹೇಳ್ಲಿ, ನೋಡೋಣ.”

ಕೆಂಡ್ರಾ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ.

“ನನಗೆ ಆಗಿದೆ,” ಎಂದಳು.

ಬೂದು ಪ್ಯಾಂಟು, ಸ್ವೆಟರ್, ಬಸ್ಸು — ಎಲ್ಲ ತನ್ನದೇ ಎನ್ನುವ ಹಾಗೆ ಹೇಳಿದಳು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ನಾಳೆಯಿಂದ ಬೀಗ ಇಲ್ಲ. ಸದ್ಯಕ್ಕೆ. ಕಾಯಂ ತೀರ್ಮಾನ ತಿಂಗಳ ಕೊನೆಗೆ.

ನನ್ನನ್ನು ಉಳಿಸಿದಳು. ಗೊತ್ತು. ಆದರೂ ಹೊಟ್ಟೆ ಉರಿಯುತ್ತಿದೆ. ಮಾನ ಹೋದದ್ದು ನನ್ನದು, ಚಪ್ಪಾಳೆ ಅವಳಿಗೆ! ಕಾರಿನಲ್ಲಿ ಅಮ್ಮ ಬೇರೆ: “ಎಂಥಾ ಧೈರ್ಯದ ಹುಡುಗಿ ಅದು! ನೋಡಿ ಕಲಿಯೇ.”

ಅಕ್ಟೋಬರ್ 16

ಕೆಂಡ್ರಾಳ ಲಾಕರಿನ ತುಂಬ ಕೆಚಪ್. ಟ್ಯಾನರ್ ಮತ್ತವನ ಪಟಾಲಮ್ಮಿನ ಕೆಲಸ. “ಕೆಚಪ್ಪಮ್ಮ ಬಂದ್ಳು, ದಾರಿ ಬಿಡ್ರೋ!” ಅವಳು ಒರೆಸಿದಳು. ನಾನೂ ಕೈ ಹಾಕಿದೆ.

“ನಾಳೆ ಹೇಳಿಬಿಡ್ತೀನಿ, ಆಗಿದ್ದು ನಂಗೆ ಅಂತ.”

“ಬೇಡ್ವೇ. ಆಮೇಲೆ ನಾನು ಸುಳ್ಳಿ ಆಗ್ತೀನಿ. ಹ್ಯಾಸ್ಕೆಲ್‌ಗೆ ಅಷ್ಟೇ ಸಾಕು, ಮತ್ತೆ ಬೀಗ ಜಡೀತಾನೆ.”

ಒಂದು ಹನಿ ಕಣ್ಣೀರಿಲ್ಲ. ಅಷ್ಟು ಗಟ್ಟಿಯಾಗಿರುವುದು ಹೇಗೆ? ಅದಕ್ಕೂ ನನಗೆ ಹೊಟ್ಟೆಕಿಚ್ಚು. ಆ ಕೆಚಪ್ ಕೂಡ ನನಗೆ ಬರಬೇಕಾದದ್ದು.

ಅಕ್ಟೋಬರ್ 17, ಮಧ್ಯಾಹ್ನ. ಟಾಯ್ಲೆಟ್ಟಿನೊಳಗಿಂದ

ಪಾಠದ ಹೊತ್ತು. ಬೀಗವಿಲ್ಲ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ಊಟಕ್ಕೆ ಕೂರುವಾಗ ಟ್ಯಾನರ್ ಕೆಂಡ್ರಾಳ ಕುರ್ಚಿಯ ಮೇಲೆ ಕೆಚಪ್ ಹಿಂಡಿಟ್ಟಿದ್ದ. ನೋಡದೆ ಕೂತಳು. ಬಿಳಿ ಜೀನ್ಸ್. ಎದ್ದಾಗ ಎಲ್ಲರದೂ ಕೇಕೆ.

ಮೇಜು ಹತ್ತಿದೆ. ಬೂದು ಪ್ಯಾಂಟು ಹಾಕಿಕೊಂಡೇ ಹೋಗಿದ್ದೆ, ಬೇಕಂತಲೇ. ‘ಆಗಿದ್ದು ನನಗೆ’ — ಬೆಳಗಿನಿಂದ ಬಾಯಿಪಾಠ ಮಾಡಿದ್ದು ಇಷ್ಟೇ. ಇಷ್ಟು ಹೇಳಿದ್ದರೆ ನನ್ನದು ನನಗೆ ವಾಪಸ್ ಬರುತ್ತಿತ್ತು. ಕೆಳಗೆ ಕೆಂಡ್ರಾ ತಲೆ ಅಲ್ಲಾಡಿಸುತ್ತಿದ್ದಳು, ಬೇಡ ಬೇಡ ಎಂದು.

“ನನಗೂ ಆಗಿದೆ,” ಎಂದೆ.

ನನಗೂ. ಬಾಯಿಂದ ಬಂದದ್ದು ಅದು. ತಿರುಗಿ ನಿಂತು ಕಲೆ ತೋರಿಸಿದೆ. “ನೋಡ್ಕೊಳೋ ಟ್ಯಾನರ್. ಇದು ಕೆಚಪ್ ಅಲ್ಲ.”

ಆಮೇಲೆ ಮೂಲೆಯಿಂದ ಒಂಬತ್ತನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು — “ನನಗೂ.” ಮತ್ತೊಬ್ಬಳು. ಚಪ್ಪಾಳೆ ಶುರುವಾಯಿತು. ಅದೂ ಆ ಪುಟ್ಟ ಹುಡುಗಿಗೆ! ನನ್ನ ಕರ್ಮ.

ನನ್ನ ಸ್ವೆಟರನ್ನು ಕೆಂಡ್ರಾಳ ಸೊಂಟಕ್ಕೆ ಕಟ್ಟಿ, ಬೆನ್ನಿಗಂಟಿಕೊಂಡು ಇಲ್ಲಿಗೆ ಕರೆತಂದೆ. ಹೊರಗೆ ಸಿಂಕಿನಲ್ಲಿ ಜೀನ್ಸ್ ತೊಳೆಯುತ್ತಿದ್ದಾಳೆ.

“ಹೋಗ್ತಾನೇ ಇಲ್ವಲ್ಲೇ ಇದು!”

“ತಣ್ಣೀರಲ್ಲಿ ಉಜ್ಜು.”

ನಲ್ಲಿ ನಿಂತಿತು. ಆಮೇಲೆ: “ಹೂಂ... ಎಲ್ಲರೂ ನಿನ್ನನ್ನೇ ನೋಡ್ತಿದ್ರು ಬಿಡು. ನಾನು ಅಷ್ಟುದ್ದ ಮಾತಾಡಿದೆ. ನೀನು ಒಂದೇ ಮಾತಲ್ಲಿ ಮುಗಿಸ್ದೆ.”

ಆ ದನಿ ನನಗೆ ಚೆನ್ನಾಗಿ ಗೊತ್ತು. ಒಂದೂವರೆ ತಿಂಗಳಿಂದ ನನ್ನದೇ ಆಗಿದ್ದ ಹೊಟ್ಟೆಕಿಚ್ಚಿನ ದನಿ. ಅರೆ! ಹಾಗಾದರೆ ಅವಳಿಗೂ —