ಏನಾಗಬೇಕು

ಮನೆಯಿಂದ, ಅಡುಗೆಮನೆಯ ಮೇಜು
ಭಾನುವಾರ, ಮಾರ್ಚ್ ಹತ್ತು

ಪ್ರೀತಿಯ ಕನ್ನಡಕಾ,

ಹೇಗಿದ್ದೀಯ? ಸಕ್ಕರೆ ಹತೋಟಿಯಲ್ಲಿದೆಯೇ, ಇಲ್ಲ ಅಂಗಡಿ ಬಾಗಿಲು ಹಾಕಿದ ಮೇಲೆ ಕದ್ದು ಬಿಸ್ಕತ್ತು ತಿನ್ನುವ ಚಟ ಇನ್ನೂ ಇದೆಯೇ? ನಿನ್ನ ಅಕ್ಕನ ಬೆನ್ನುನೋವು ಹೇಗಿದೆ? ನನ್ನ ವಿಷಯ ಕೇಳಬೇಡ, ಮಂಡಿ ಎರಡೂ ಮುಷ್ಕರ ಹೂಡಿವೆ. ನಿನ್ನ ಅಂಗಡಿಯಿಂದ ಕಳಿಸಿದ ಹೊಸ ಕನ್ನಡಕ ಮಾತ್ರ ಪರ್ಫೆಕ್ಟ್ ಟೆನ್ಸಿನಲ್ಲಿದೆ. ಅದರಲ್ಲಿ ಇಷ್ಟು ಚೆನ್ನಾಗಿ ಕಾಣಿಸದೇ ಹೋಗಿದ್ದರೆ ನಿನ್ನೆ ನನ್ನ ತಲೆಯೂ ಇಷ್ಟು ಕೆಡುತ್ತಿರಲಿಲ್ಲ.

ನಿನ್ನೆ ನಾಟಕದ ತಾಲೀಮಿಗೆ ಹೋಗಿದ್ದೆ. ನಮ್ಮ ಹುಡುಗನ ಬಗ್ಗೆ, ಏಡ್ಸ್ ಎಂಬ ಮಾತು ಹೊಸದಾಗಿ ಬಂದ ಆ ವರ್ಷಗಳಲ್ಲಿ ನಾವೆಲ್ಲ ಆಸ್ಪತ್ರೆಯ ಕೊನೆಯ ವಾರ್ಡಿನ ಮುಂದೆ ಧರಣಿ ಕೂತ ಬಗ್ಗೆ ನಾಟಕ ಮಾಡುತ್ತಿದ್ದಾರೆ ಎಂದು ಹಿಂದೆ ಬರೆದಿದ್ದೆನಲ್ಲ, ಅದೇ. ನಿರ್ದೇಶಕ ಗಡ್ಡದವನು, ಆಗ ಹುಟ್ಟಿಯೂ ಇರಲಿಲ್ಲ. ಇದೇ ಮೇಜಿನ ಮುಂದೆ ಕೂತು ನನ್ನ ಟೀ ಕುಡಿದು ಎಲ್ಲ ಕೇಳಿಸಿಕೊಂಡು ಹೋಗಿದ್ದ. ನಾನೂ ಏನನ್ನೂ ಮುಚ್ಚಿಡಲಿಲ್ಲ. ಧರಣಿಯಲ್ಲಿ ನಿನ್ನ ಅತ್ತೆ ಕೂರುತ್ತಿದ್ದ ಸ್ಟೂಲನ್ನೂ ಎತ್ತಿಕೊಟ್ಟಿದ್ದೆ.

ಶುರುವೇನೋ ಚೆನ್ನಾಗಿತ್ತು. ನಮ್ಮ ಹುಡುಗ ಮಕ್ಕಳಿಗೆ ಈಜು ಕಲಿಸುತ್ತಾನೆ. ಕಾಯಿಲೆಯ ಸುದ್ದಿ ಹಬ್ಬುತ್ತದೆ. ಕೊಳದ ನೀರನ್ನೆಲ್ಲ ಬಸಿದು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಟೈಲ್ಸ್ ಉಜ್ಜುತ್ತಾರೆ. ಅದನ್ನು ನೋಡುವಾಗ ನನಗೆ ಹಳೆಯ ಸಿಟ್ಟು ಹೊಸದಾಗಿ ಬಂತು, ಬರಲೇಬೇಕಿತ್ತು. ಆಮೇಲೆ ಧರಣಿಯ ದೃಶ್ಯ. ನಾನು ಬರೆದ ಆ ಬೋರ್ಡು ನೆನಪಿದೆಯಲ್ಲ? ನಮ್ಮ ರೋಗಿಗಳು ಸಾಯುತ್ತಿದ್ದಾರೆ ಎಂದು ಇಂಗ್ಲಿಷಿನಲ್ಲಿ ಬರೆಯಲು ಹೋಗಿ, ಪೇಶಂಟ್ಸ್ ಎನ್ನುವ ಕಡೆ ಪೇಶೆನ್ಸ್ ಎಂದು ದಪ್ಪಕ್ಷರದಲ್ಲಿ ಬಳಿದಿದ್ದೆ. ಹುಡುಗ ಅದನ್ನು ನೋಡಿ ಕೆಮ್ಮು ಬರುವಷ್ಟು ನಕ್ಕಿದ್ದ. "ಅಪ್ಪಾ, ತಿದ್ದಬೇಡ. ಸಾಯ್ತಾ ಇರೋದು ತಾಳ್ಮೆನೇ" ಎಂದಿದ್ದ. ಹಾಗೆಯೇ ಹೊತ್ತುಕೊಂಡು ಹೋದೆವು. ಈ ಮಹಾನುಭಾವರು ಅದನ್ನು ತಿದ್ದಿಬಿಟ್ಟಿದ್ದಾರೆ. ಕೇಳಿದರೆ "ಸ್ಪೆಲ್ಲಿಂಗ್ ತಪ್ಪಿತ್ತು ಸರ್" ಅಂತೆ.

ಆಮೇಲೆ ವಾರ್ಡಿನ ಬಾಗಿಲು ಬಂತು. ಕಾವಲಿನವನು ದೊಣ್ಣೆ ಅಡ್ಡ ಹಿಡಿದು "ಪೇಶಂಟ್‌ಗೆ ಏನಾಗ್ಬೇಕು ನೀವು?" ಎಂದ. ನಾನು ಕುರ್ಚಿಯ ತುದಿಗೆ ಸರಿದು ಕೂತೆ. ಈಗ ನೀನು ಬರುತ್ತೀಯ, ಕೈಯಲ್ಲಿ ಫ್ಲಾಸ್ಕ್ ಇರುತ್ತದೆ ಎಂದು ಕಾದೆ. ಜಡೆ ಹಾಕಿಕೊಂಡ ಒಬ್ಬಳು ಹುಡುಗಿ ಅಳುತ್ತಾ ಬಂದಳು. ತಾಯಿ ಪಾತ್ರದವಳು ಅವಳ ತಲೆ ಸವರಿ "ಇವಳು ನನ್ನ ಸೊಸೆಯಾಗೋಳು" ಎಂದಳು. ನಾನು ಇನ್ನೂ ಕಾಯುತ್ತಲೇ ಇದ್ದೆ. ನೀನು ಬರಲೇ ಇಲ್ಲ. ಇಡೀ ನಾಟಕದಲ್ಲಿ ನೀನಿಲ್ಲ ಮಾರಾಯ.

ಗಡ್ಡದವನನ್ನು ಹಿಡಿದುಕೊಂಡೆ. "ಜನ ಒಪ್ಪಲ್ಲ ಸರ್. ನೋಡೋರಿಗೆ ಕರುಣೆ ಬರ್ಬೇಕು ಅಂದ್ರೆ ಒಂದು ಜೋಡಿ ಬೇಕು" ಎಂದ.

"ಜೋಡಿ ಇತ್ತಲ್ಲಪ್ಪಾ" ಎಂದೆ.

ನನಗೆ ಮೈಯೆಲ್ಲ ಉರಿಯಿತು. ದಾದಿಯರು ಊಟದ ತಟ್ಟೆಯನ್ನು ಕಾಲಿನಿಂದ ಒಳಗೆ ತಳ್ಳುತ್ತಿದ್ದಾಗ ನಮ್ಮ ಹುಡುಗನ ಬಾಯಿ ಒರೆಸಿದವನು ಯಾರು? ಹೇಸಿಗೆ ಬಳಿದವನು ಯಾರು? ಕಾಲೇಜಿನಲ್ಲಿ ನನಗೆ ತಲೆಗೆ ಹತ್ತಿದ್ದೇ ಸಬ್ಜೆಕ್ಟ್, ವರ್ಬ್, ಆಬ್ಜೆಕ್ಟ್, ಅಷ್ಟು. ಸಬ್ಜೆಕ್ಟನ್ನೇ ಕಿತ್ತು ಬಿಸಾಡಿದ ಮೇಲೆ ವಾಕ್ಯ ಎಲ್ಲಿ ನಿಲ್ಲುತ್ತದೆ? ಆವತ್ತು ಆಸ್ಪತ್ರೆಯವರು ನಿನ್ನನ್ನು ಬಾಗಿಲಲ್ಲಿ ತಡೆದರು. ಇವರು ಕತೆಯೊಳಗೇ ಬಿಡಲಿಲ್ಲ. ಅದೂ ನಮ್ಮ ಪರವಾಗಿ ನಾಟಕ ಆಡುತ್ತೇವೆ ಎಂದು ಹೇಳಿಕೊಂಡು.

ಆ ದಿನ ನಿಜವಾಗಿ ಆದದ್ದು ನಿನಗೂ ನನಗೂ ಗೊತ್ತು. ನೀನು ಗೆಳೆಯ ಎಂದೆ, ಗೆಳೆಯರಿಗೆಲ್ಲ ಪ್ರವೇಶ ಇಲ್ಲ ಎಂದ ಕಾವಲಿನವನು. ಹಾಲಿನವನ ಹತ್ತಿರವೂ ಗಟ್ಟಿಯಾಗಿ ಮಾತಾಡದ ನಿನ್ನ ಅತ್ತೆ ಸ್ಟೂಲಿನಿಂದ ಎದ್ದು ಬಂದು, "ಇವರು ನನ್ನ ಮಗನ ಮನೆಯವರು. ಬಾಗಿಲು ತೆಗಿ" ಎಂದಳು. ಮದುವೆಯಾದ ದಿನದಿಂದ ನೆರೆಹೊರೆಯವರ ಮುಂದೆ ಅವಳು ನನ್ನನ್ನು ಯಾವ ಮಾತಿನಿಂದ ಕರೆಯುತ್ತಿದ್ದಳೋ ಅದೇ ಮಾತು. ಕಾವಲಿನವನಿಗೆ ಯಾರೋ ಮನೆ ಕಡೆಯವರು ಎಂದು ಕೇಳಿಸಿತು, ಚಿಲಕ ತೆಗೆದ. ನನಗೆ ಪೂರ್ತಿ ಕೇಳಿಸಿತು. ನಿನ್ನ ಕಿವಿ ಕೆಂಪಾದದ್ದನ್ನೂ ನೋಡಿದೆ. ಮಾರನೆಯ ದಿನದಿಂದ ಧರಣಿ ಕೂತವರೆಲ್ಲರಿಗೂ ಅದೇ ಮಂತ್ರವಾಯಿತು. ಮನೆಯವರು ಕೈಬಿಟ್ಟು ಹೋದ ಒಬ್ಬೊಬ್ಬ ರೋಗಿಗೂ ಸರತಿ ಸಾಲಿನಲ್ಲಿ ಮನೆಯವರು. "ಎಷ್ಟು ಜನ ಮನೆಯವರಪ್ಪಾ ಇವನಿಗೆ" ಎಂದು ಕಾವಲಿನವನು ತಲೆ ಚಚ್ಚಿಕೊಂಡ. ಕೊನೆಗೆ ಆ ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟರು. ನಮ್ಮ ಹೋರಾಟ ಗೆದ್ದದ್ದು ಆ ಒಂದು ಮಾತಿನಿಂದ. ಅದನ್ನು ತೆಗೆದು ಅಲ್ಲಿ ಜಡೆ ಇಟ್ಟಿದ್ದಾರೆ.

ನಾನೇನು ಮಾಡಿದೆ ಎಂದು ಕೇಳು. ಸ್ಟೂಲು ಎತ್ತಿಕೊಂಡು ಹೋಗಿ ರಂಗದ ನಡುಮಧ್ಯ ಹಾಕಿಕೊಂಡು ಕೂತೆ. ಧರಣಿ ಕೂರುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. "ಸರ್, ಏಳಿ ಸರ್, ಶುಕ್ರವಾರ ಶೋ ಇದೆ" ಎಂದು ಗಡ್ಡದವನು ಸುತ್ತಿದ. ನೀರು ಕೊಟ್ಟರು, ಕುಡಿದೆ, ಏಳಲಿಲ್ಲ. ಪೋಸ್ಟರಿನಲ್ಲಿ ನಿಜ ಘಟನೆ ಎಂದು ಹಾಕಿದ್ದೀರಲ್ಲ, ಅದನ್ನು ಅಳಿಸಿ, ಇಲ್ಲ ಫ್ಲಾಸ್ಕ್ ಹಿಡಿದ ಆ ಹುಡುಗನನ್ನು ಕರೆದುಕೊಂಡು ಬನ್ನಿ ಎಂದೆ. ರಂಗಮಂದಿರದ ಬಾಗಿಲು ಹಾಕುವವನು ಬೀಗ ಹಿಡಿದು ನಿಂತ ಮೇಲೆ ಸ್ಟೂಲನ್ನು ಬಗಲಿಗೆ ಹಾಕಿಕೊಂಡು ಮನೆಗೆ ಬಂದೆ. ಈಗ ಅದರ ಮೇಲೆಯೇ ಕೂತಿದ್ದೇನೆ. ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಹುಡುಗ ಹೋದ ಮೇಲೂ ನನ್ನನ್ನು ಮಾವ ಎನ್ನುವುದನ್ನು ನೀನು ಬಿಡಲಿಲ್ಲ. ಇವರು ಹೇಳಿದರೆಂದು ನಾನು ಬಿಡಲೇ?

ಅಕ್ಕನಿಗೆ ಕೇಳಿದೆನೆಂದು ಹೇಳು, ಬಗ್ಗಿ ಭಾರ ಎತ್ತಬಾರದೆಂದೂ ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು.

ನಿನ್ನ ಮಾವ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಗಡ್ಡದವನು ಬಂದ. ಜಡೆಯವಳನ್ನು ತೆಗೆಯುತ್ತಾನಂತೆ, ಬೋರ್ಡೂ ಮೊದಲಿನ ಹಾಗೇ ಇರುತ್ತದಂತೆ. ಆದರೆ ನಿನ್ನ ಪಾತ್ರಕ್ಕೆ ಅವರ ಹುಡುಗರಲ್ಲಿ ಯಾರೂ ಒಪ್ಪುತ್ತಿಲ್ಲ, ತಾಯಿ ಪಾತ್ರದವಳು ಆ ಮಾತು ನನ್ನ ಬಾಯಲ್ಲಿ ಬರಲ್ಲ ಎಂದಿದ್ದಾಳೆ. ಹಾಗಾದರೆ ಆ ಒಂದು ದೃಶ್ಯವನ್ನು ಮನೆಯವರೇ ಮಾಡುತ್ತೇವೆ ಎಂದುಬಿಟ್ಟೆ. ನಿನ್ನ ಅತ್ತೆ ಈಗಿಲ್ಲ, ಅವಳ ಮಾತು ನಾನು ಹೇಳುತ್ತೇನೆ. ನಿನಗೆ ಮಾತಿಲ್ಲ, ಬಾಗಿಲ ಮುಂದೆ ನಿಂತರೆ ಸಾಕು. ತಲೆ ಬೆಳ್ಳಗಾಗಿದ್ದರೆ ಆಗಿರಲಿ. ಫ್ಲಾಸ್ಕ್ ಇಲ್ಲೇ ಇದೆ, ತೊಳೆದು ಇಟ್ಟಿದ್ದೇನೆ. ಶುಕ್ರವಾರದೊಳಗೆ ಬಾ.