ಗೆರೆಗಳ ಮೇಲೆ ಹೊರಿಸಿದ ತಪ್ಪು

ಕುಣಿಗಲ್
ಬುಧವಾರ

ಅತ್ತೆ ಸರ್ವಮಂಗಳಮ್ಮನವರಿಗೆ ಸೊಸೆ ನಂದಿತಾಳ ಶರಣು.

ಕ್ಷೇಮವಾಗಿದ್ದೇನೆ ಅಂತ ಬರೆಯುವುದಿಲ್ಲ. ಹೊಟ್ಟೆಯ ಗಾಯ ಇನ್ನೂ ಪೂರ್ತಿ ಕೂಡಿಲ್ಲ. ಇಲ್ಲಿ ತವರಲ್ಲಿ ದೊಡ್ಡ ಮಗಳು ಆಡಿಕೊಂಡಿದ್ದಾಳೆ, ಕೂಸು ನಮ್ಮಮ್ಮನ ಮಡಿಲಲ್ಲಿದೆ. ಫೋನ್ ಮಾಡಿದರೆ ನಿಮ್ಮ ಮಗ ಸ್ಪೀಕರಿಗೆ ಹಾಕಿಸಿ ಕೇಳುತ್ತಾನೆ. ಅದಕ್ಕೇ ನಿಮ್ಮೂರು ಗುಬ್ಬಿಗೆ ಹೊರಟಿದ್ದ ಪಕ್ಕದ ಮನೆ ರಂಗಮ್ಮನ ಕೈಗೆ ಈ ಕಾಗದ ಕೊಟ್ಟಿದ್ದೇನೆ.

ಭಾನುವಾರ ಮಾವನವರು ಹಿರಿಯರನ್ನು ಕಟ್ಟಿಕೊಂಡು ನ್ಯಾಯಕ್ಕೆ ಬರುತ್ತಾರಂತೆ, ನನ್ನನ್ನೂ ಮಕ್ಕಳನ್ನೂ ವಾಪಸು ಕರೆದೊಯ್ಯುತ್ತಾರಂತೆ. ನಿಮ್ಮ ಮಗ ಬಸವರಾಜ ಊರೆಲ್ಲಾ ಹೇಳಿಕೊಂಡು ತಿರುಗುತ್ತಿದ್ದಾನಂತೆ, "ಅವಳ ಹೊಟ್ಟೆ ತುಂಬಾ ಬಸುರಿ ಗೆರೆ ಕಣ್ರೀ, ಚರ್ಮವೇ ವೀಕು, ಸಿಸೇರಿಯನ್ ಹೊಲಿಗೆ ತಾನಾಗೇ ಬಿಟ್ಕೊಳ್ತು, ನಾನೇನ್ ಮಾಡ್ಲಿ" ಅಂತ. ಅಬ್ಬಬ್ಬಾ, ಎಂಥಾ ಡಾಕ್ಟರ್ ಆಗಿಬಿಟ್ಟ ನಿಮ್ಮ ಮಗ!

ಹೊಲಿಗೆ ಹರಿದ ದಿನ ನೀವು ಬಾಗಿಲಲ್ಲೇ ಇದ್ದಿರಿ. ಹೊಟ್ಟೆಯೊಳಗೆ ಗರ್ಭಕೋಶ, ಕರುಳು ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ, ಇನ್ನೊಂದು ಬಸಿರಾದರೆ ಜೀವಕ್ಕೇ ಅಪಾಯ ಅಂತ ಹೆರಿಗೆ ಮಾಡಿಸಿದ ಡಾಕ್ಟರಮ್ಮ ಹೇಳಿದ್ದಕ್ಕೆ ನಾನು ಸಿಸೇರಿಯನ್ ಜೊತೆಗೇ ಮಕ್ಕಳಾಗದ ಆಪರೇಷನ್ನೂ ಮಾಡಿಸಿಕೊಂಡಿದ್ದೆ. ಅದು ಗೊತ್ತಾದದ್ದೇ ತಡ, ನಿಮ್ಮ ಮಗ ಜಡೆ ಹಿಡಿದು ಮಂಚದಿಂದ ಕೆಳಕ್ಕೆಳೆದ. "ನನ್ನ ಕೇಳ್ದೆ ಮಾಡಿಸ್ಕೊಂಡ್ಯೇನ್ಲೇ" ಅಂತ ಹೊಲಿಗೆಯ ಮೇಲೇ ಒದ್ದ. ಬಿದ್ದ ಮೇಲೂ ಸೊಂಟಕ್ಕೆ ಒದ್ದ. ಪರ್ ಅಂತ ಹರಿದದ್ದು ನನ್ನ ಕಿವಿಗೇ ಕೇಳಿಸಿತು. ನೆತ್ತರು ತೊಡೆಗಿಳಿದು ನೆಲವೆಲ್ಲ ಒದ್ದೆಯಾಯಿತು. ನೀವೇನು ಮಾಡಿದಿರಿ? ಬಾಣಂತಿ ಹೊಟ್ಟೆಗೆ ಕಟ್ಟಲು ಇಟ್ಟಿದ್ದ ಹಳೇ ಸೀರೆ ತಂದು, ಬಾಯಿಬಿಟ್ಟ ಗಾಯದ ಮೇಲೇ ಬಿಗಿದು ಕಟ್ಟಿ, "ಸುಮ್ಕಿರು, ಮನೆ ಮಾನ ಹೋಯ್ತದೆ" ಅಂದಿರಿ. ಕೀವಾಗಿ ಜ್ವರ ನೆತ್ತಿಗೇರಿದ ಮೇಲೆ ತುಮಕೂರಿನ ಆಸ್ಪತ್ರೆಗೆ ಸಾಗಿಸಿದಿರಿ. ಅಲ್ಲಿ ಗೆರೆಯ ಕಥೆ ಮೊದಲು ಹೇಳಿದವರೂ ನೀವೇ.

ಅಲ್ಲಿನ ಡಾಕ್ಟರಮ್ಮ ನಿಮ್ಮನ್ನು ಹೊರಗೆ ಕಳಿಸಿ ನನ್ನನ್ನು ಕೇಳಿದರು. ಬಸುರಿ ಗೆರೆ ನೋಡಿ ಗಾಯದ ಕಲೆ ಹೇಗಾಗಬಹುದು, ಹೊಟ್ಟೆಯೊಳಗೆ ಅಂಟಿರಬಹುದಾ ಅಂತ ಕೆಲವು ಡಾಕ್ಟರು ಊಹಿಸುತ್ತಾರಂತೆ, ಅದೂ ಖಚಿತವಲ್ಲವಂತೆ. "ಆದ್ರೆ ಗೆರೆ ಇದೆ ಅಂತ ಹೊಲಿಗೆ ಹಿಂಗೆ ಹರಿಯಲ್ಲ ಕಣಮ್ಮ, ಸೊಂಟದ ಮೇಲೆ ಏಟು ಬಿದ್ದಿದೆ, ಯಾರು ಹೊಡೆದ್ರು ಹೇಳು" ಅಂದರು. ಕೂಸು ಹೊರಗೆ ನಿಮ್ಮ ಕೈಲಿತ್ತು. ಹೆದರಿ ಬಾಯಿ ಬಿಡಲಿಲ್ಲ.

ಅವನು ಒದೆಯುವುದಕ್ಕೂ ಮುಂಚೆ ಒಂದು ದಿನ ನನ್ನ ತಲೆಗೆ ನೀರು ಹಾಕುವಾಗ ನಿಮ್ಮ ಸೆರಗು ಜಾರಿತ್ತು. ಹೊಕ್ಕುಳ ಕೆಳಗೆ ಎರಡು ಬೆರಳಗಲದ ಕಲೆ, ಸುತ್ತ ನನ್ನಂಥವೇ ಗೆರೆಗಳು. "ನಂಗೂ ಸಿಸೇರಿಯನ್ನೇ, ಹೊಲಿಗೆ ತಾನಾಗೇ ಬಿಟ್ಕೊಂಡಿತ್ತು, ಬುಡು" ಅಂದಿರಿ. ಆಗ ನಂಬಿದ್ದೆ. ಈಗ ಕೇಳುತ್ತಿದ್ದೇನೆ ಅತ್ತೆ, ಮಾವನವರು ನಿಮಗೆ ಎಲ್ಲಿಗೆ ಒದ್ದಿದ್ದರು?

ಭಾನುವಾರ ನೀವೂ ಬನ್ನಿ. ಹಿರಿಯರ ಮುಂದೆ ಕಂಡದ್ದನ್ನು ಹೇಳಿ. ಹೇಳದಿದ್ದರೆ ನಾನೇ ಸೆರಗು ಸರಿಸಿ ನನ್ನ ಗಾಯ ತೋರಿಸುತ್ತೇನೆ, ನನ್ನ ನಾಚಿಕೆ ಸತ್ತುಹೋಗಿದೆ. ನಾನಂತೂ ಆ ಮನೆಗೆ ಕಾಲಿಡುವುದಿಲ್ಲ. ನಿಜ ಹೇಳಿದ ಮೇಲೆ ವಾಪಸು ಹೋಗಲು ನಿಮಗೆ ಹೆದರಿಕೆಯಾದರೆ ಇಲ್ಲೇ ಉಳಿಯಿರಿ. ನಿಮ್ಮ ಮೇಲೆ ಹೊಟ್ಟೆ ಉರಿಯುವಷ್ಟು ಸಿಟ್ಟಿದೆ. ಆದರೂ ಉಳಿಯಿರಿ, ಅಮ್ಮ ಚಾಪೆ ಹಾಸುತ್ತಾಳೆ.

ಇಂತಿ,
ನಂದಿತಾ

ಮರೆತ ಮಾತು: ನಿಮ್ಮ ಮಗನ ಬಲಗೈ ಮುರಿದದ್ದು ಅವನು ಹೇಳಿಕೊಳ್ಳುವ ಹಾಗೆ ಬೈಕಿನಿಂದ ಬಿದ್ದಲ್ಲ. ಸೋಮವಾರ ಇಲ್ಲಿಗೆ ಬಂದು ಕೂಸನ್ನು ಕಿತ್ತುಕೊಳ್ಳಲು ಕೈ ಚಾಚಿದ್ದ. ಮುದ್ದೆ ತಿರುವುವ ಕೋಲು ನನ್ನ ಕೈಲಿತ್ತು. ಹಿರಿಯರು ಕೇಳಿದರೆ, ಮೂಳೆ ವೀಕು, ತಾನಾಗೇ ಮುರಿಯಿತು ಅಂತ ಹೇಳಿಬಿಡಿ.