ಅಮ್ಮನ ಚೀಟಿಯಲ್ಲಿ ನಿನ್ನ ಹೆಸರು

ಬಿತೋಲಾ
ಬುಧವಾರ, 13 ಜೂನ್ 2018

ನನ್ನ ಮುದ್ದು ಬಿಸೆರ್ಕಾ,

ಹೇಗಿದ್ದೀಯಮ್ಮಾ? ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲ ಇನ್ನೂ ಬರೀ ಕಾಫಿಯಲ್ಲೇ ಸಂಸಾರ ನಡೆಸುತ್ತಿದ್ದೀಯಾ? ನಿನ್ನೆ ಟಿ.ವಿ.ಯಲ್ಲಿ ನಿನ್ನನ್ನು ಕಂಡೆ. ಕೋಟು ಹಾಕಿದ ದೊಡ್ಡವರ ಬೆನ್ನ ಹಿಂದೆ ಕಡತ ಅಪ್ಪಿಕೊಂಡು ನಿಂತಿದ್ದೆ. ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಹಳೆಯ ನೋವು ಮತ್ತೆ ಬಂದಿದೆ ಅಂತ ಕಾಣುತ್ತದೆ, ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟುಕೋ. ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಉಪ್ಪಿನ ಗಂಟನ್ನೇ ಬಸ್ಸಿಗೆ ಹಾಕಿ ಕಳುಹಿಸುತ್ತಿದ್ದಳು. ಫೋನ್ ಮಾಡಿದರೆ ನಿಮ್ಮ ಕಚೇರಿಯ ಯಾರೋ ಎತ್ತಿಕೊಂಡು ‘ಮೇಡಂ ಸಭೆಯಲ್ಲಿದ್ದಾರೆ’ ಅನ್ನುತ್ತಾರೆ. ಅದಕ್ಕೇ ಈ ಕಾಗದ. ಅಮ್ಮ ಮೆಣಸಿನಕಾಯಿ ಗೊಜ್ಜಿನ ಜಾಡಿ ಕಳುಹಿಸುತ್ತಿದ್ದ ಹಾಗೆಯೇ ಸ್ಕೋಪಿಯೆ ಬಸ್ಸಿನ ಡ್ರೈವರನ ಕೈಗೆ ಕೊಡುತ್ತೇನೆ.

ನನ್ನ ಆರೋಗ್ಯಕ್ಕೇನೂ ಧಾಡಿಯಿಲ್ಲ. ಜೀವಮಾನವೆಲ್ಲ ಕಾರ್ಖಾನೆಯಲ್ಲಿ ಫ್ರಿಜ್ ಮಾಡಿದೆ, ಈಗ ಅದರ ಬಾಗಿಲು ತೆರೆದುಕೊಂಡು ನಿಂತೇ ಊಟ ಮಾಡುತ್ತೇನೆ. ಮೇಜಿಗೆ ಕೂರಲು ಮನಸ್ಸಿಲ್ಲ. ದುಃಖ ಅಂತಲೂ ಹೇಳಲಾರೆ. ಕಾಲು ಮಡಿಸಿ ಬಹಳ ಹೊತ್ತು ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗಾಗಿದೆ ಒಳಗೆ. ನಿನ್ನೆ ಸಂಜೆ ದೇಶದ ಹೊಸ ಹೆಸರನ್ನು ಓದಿ ಹೇಳಿದಾಗ ನಾನು ಶನಿವಾರದ ಊಟಕ್ಕೆ ಬೀನ್ಸ್ ಬೀಜ ಆರಿಸುತ್ತಿದ್ದೆ. ಹೆಸರಿಗಾಗಿ ಗ್ರೀಕರೊಡನೆ ಇಪ್ಪತ್ತೇಳು ವರ್ಷದ ಜಗಳ ಮುಗಿಯಿತು, ಹಳೆಯ ಹೆಸರಿನ ಮುಂದೆ ದಿಕ್ಕು ತೋರಿಸುವ ಒಂದು ‘ಉತ್ತರ’ ಸೇರಿಸಿಕೊಂಡರೆ ಗ್ರೀಕರು ಸುಮ್ಮನಾಗುತ್ತಾರೆ, ಭಾನುವಾರ ಪ್ರೆಸ್ಪಾ ಸರೋವರದ ದಡದಲ್ಲಿ ಸಹಿ, ಎಂದರು. ಹೊರಗೆ ಒಬ್ಬ ಕಾರಿನ ಹಾರ್ನ್ ಒತ್ತಿದ. ಇನ್ನೊಬ್ಬ ಬಾಟಲಿ ಒಡೆದ. ಆ ಒಪ್ಪಂದದ ಮಾತುಕತೆಗೆ ಓಡಾಡಿದ ನನ್ನ ಮಗಳ ಇಷ್ಟು ವರ್ಷದ ದುಡಿಮೆಗೆ ನಾನು ಹಿಗ್ಗಬೇಕಿತ್ತು, ಇಲ್ಲ ಈ ಊರಿನವನಾಗಿ ಸಿಟ್ಟಾಗಬೇಕಿತ್ತು. ಎರಡೂ ಆಗಲಿಲ್ಲ. ಬೀಜ ಆರಿಸುತ್ತಲೇ ಇದ್ದೆ.

ಪಕ್ಕದ ಮನೆ ದೋನ್ಕಾ ಮಾತ್ರ ಹೋದ ವಾರವೆಲ್ಲ ಬೇಲಿಯ ಆಚೆಯಿಂದ ಕೂಗುತ್ತಲೇ ಇದ್ದಳು. ‘ನಮ್ಮನೆ ಬಾಗ್ಲಿಗೆ ಏನು ಹೆಸರು ಬರೀಬೇಕು ಅಂತ ಪಕ್ಕದ್ಮನೆಯವ್ರು ಹೇಳ್ಬೇಕಾ ವಾಂಗೆಲ್?’ ಅನ್ನುತ್ತಿದ್ದಳು. ನಮ್ಮ ಅಂಜೂರದ ಮರ ಎಲ್ಲಿ ನೆಡಬೇಕು ಅಂತ ಹೇಳಿದವಳು ನೀನೇ ಅಲ್ಲವೇನೇ ಅಂದೆ. ಅವತ್ತಿನಿಂದ ನನ್ನ ಜೊತೆ ಮಾತಿಲ್ಲ. ಆದರೂ ಇವತ್ತು ಬೆಳಿಗ್ಗೆ ಬೇಲಿಯ ಮೇಲೆ ಒಂದು ಬೋಗುಣಿ ಚೆರ್ರಿ ಹಣ್ಣು ಇಟ್ಟಿದ್ದಳು.

ಇನ್ನು ಅಮ್ಮನ ವಿಷಯ. ನಿನಗೆ ಯಾರಾದರೂ ಚೀಟಿಯ ಫೋಟೋ ಕಳುಹಿಸಿರಬಹುದು, ಆದರೂ ನನ್ನ ಬಾಯಿಂದಲೇ ಕೇಳು. ಅವಳು ಹೋದ ಮರುದಿನವೇ ಮಣ್ಣು ಮಾಡಿದೆವು, ನಮ್ಮಲ್ಲಿ ಯಾರಿಗೂ ಕಾಯುವ ಪದ್ಧತಿಯಿಲ್ಲ, ಪರದೇಶದಿಂದ ಬರಬೇಕಿದ್ದ ನಿನ್ನ ವಿಮಾನಕ್ಕೂ ಕಾಯಲಿಲ್ಲ. ಅವತ್ತು ಕಂಬಗಳಿಗೆ ಅಂಟಿಸಿದ ಸಾವಿನ ಚೀಟಿಯಲ್ಲಿ ಅಮ್ಮನ ಫೋಟೋ ಇತ್ತು, ಕೆಳಗೆ ಶೋಕಿಸುವವರು ಅಂತ ನನ್ನ ಹೆಸರಿತ್ತು, ಅದರ ಕೆಳಗೆ ‘ಮಕ್ಕಳು’ ಅಂತಷ್ಟೇ ಇತ್ತು. ನಿನ್ನ ಹೆಸರಿರಲಿಲ್ಲ. ನಿನ್ನ ಹೆಸರು ಬಿಟ್ಟು ತನ್ನದು ಹಾಕಲು ಮೆತೋದಿಗೂ ಮನಸ್ಸು ಬರಲಿಲ್ಲ.

ನಿನ್ನ ತಮ್ಮನ ಮೇಲೆ ಸಿಟ್ಟಾಗಬೇಡ. ಅವನು ದಿನವಿಡೀ ಟ್ಯಾಕ್ಸಿ ಓಡಿಸುವವನು, ಹಿಂದಿನ ಸೀಟಿನಲ್ಲಿ ಕೂತವರು ನಿನ್ನನ್ನು ಏನೇನು ಅನ್ನುತ್ತಾರೋ ಎಲ್ಲ ಕೇಳಿಕೊಂಡು ಬಾಡಿಗೆ ತೆಗೆದುಕೊಳ್ಳಬೇಕು. ನಮ್ಮ ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ ‘ದ್ರೋಹಿ’ ಅಂತ ಬರೆದಾಗ ಹಸಿರು ಬಣ್ಣ ತಂದು ಬಳಿದವನು ಅವನೇ. ಬಳಿಯುತ್ತಾ ನಿನ್ನನ್ನೂ ಬೈದ, ಬರೆದವನನ್ನೂ ಬೈದ. ಚೀಟಿ ಅಚ್ಚು ಹಾಕಿಸುವ ದಿನ ಅವನು ಹೇಳಿದ್ದು ಇಷ್ಟೇ: ‘ಅಕ್ಕನ ಹೆಸರು ಹಾಕಿದ್ರೆ ಜನ ಉಗೀತಾರಪ್ಪಾ. ಎಂಜಲು ಹೆಸರಿನ ಮೇಲಷ್ಟೇ ಬೀಳುತ್ತಾ? ಅಮ್ಮನ ಮುಖದ ಮೇಲೆ ಬಿದ್ರೆ ನಾನು ನೋಡ್ಕೊಂಡು ಇರಲ್ಲ.’ ‘ಮಕ್ಕಳು’ ಅಂತಷ್ಟೇ ಬರೆದು ಕೊಟ್ಟೆ. ಅಚ್ಚಿನ ಅಂಗಡಿಯ ಪಂದೆ ಸಮಾಧಾನ ಮಾಡಿದ: ‘ಇಪ್ಪತ್ತೇಳು ವರ್ಷ ದೇಶಾನೇ ಸರಿಯಾದ ಹೆಸ್ರಿಲ್ದೆ ನಡೀತು ವಾಂಗೆಲ್, ಒಂದು ಚೀಟಿ ನಡೆಯಲ್ವಾ?’

ಅಮ್ಮನೂ ನಿನ್ನ ಪಕ್ಷದವಳಲ್ಲ, ಅದು ನಿನಗೆ ಗೊತ್ತಿದೆ. ಮತಕ್ಕೆ ಹಾಕಿದ್ದರೆ ‘ಬೇಡ’ ಎಂದೇ ಹಾಕುತ್ತಿದ್ದಳು. ಆದರೂ ನೀನು ಟಿ.ವಿ.ಯಲ್ಲಿ ಬಂದಾಗಲೆಲ್ಲ ಏಪ್ರನ್ ಬಿಚ್ಚಿ, ಕೂದಲು ಸರಿಮಾಡಿಕೊಂಡು ಕೂರುತ್ತಿದ್ದಳು, ನೀನೇ ಅವಳನ್ನು ನೋಡುತ್ತೀಯೋ ಎಂಬಂತೆ. ಬೇಕರಿ ಸಾಲಿನಲ್ಲಿ ಯಾರೋ ನಿನ್ನ ಬಗ್ಗೆ ಕೊಂಕು ಆಡಿದಾಗ ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದಿದ್ದಳು. ‘ದೇಶಾನ ಏನಂತ ಬೇಕಾದ್ರೂ ಕರ್ಕೊಳ್ಲಿ, ನನ್ ಮಗಳನ್ನ ಮಾತ್ರ ಯಾರೂ ಏನೂ ಅನ್ನಬಾರ್ದು.’ ಆ ರಾತ್ರಿ ಬ್ರೆಡ್ ಇಲ್ಲದೆ ಊಟ ಮಾಡಿದೆವು.

ಈಗ ಅವಳು ಹೋದ ನಲವತ್ತನೆಯ ದಿನದ ಸ್ಮರಣೆ ಬಂದಿದೆ, ಈ ಶನಿವಾರ. ಮತ್ತೆ ಚೀಟಿ ಅಂಟಿಸಬೇಕು, ಮತ್ತೆ ಅದೇ ಪ್ರಶ್ನೆ. ಭಾನುವಾರ ನಮ್ಮ ಮೇಜಿನ ಸುತ್ತಲೂ ಮಾತುಕತೆಯಾಯಿತು. ನೀನಿದ್ದಿದ್ದರೆ ನಗುತ್ತಿದ್ದೆ. ಮಾತು ಬಿಟ್ಟಿದ್ದರೂ ದೋನ್ಕಾ ಬಂದು ಕೂತಳು, ಮಧ್ಯಸ್ಥಿಕೆಗೆ ಅಂತೆ. ‘ಸ್ಕೋಪಿಯೆಯ ಮಗಳು’ ಅಂತ ಹಾಕಿ ಅಂದಳು. ಪಂದೆ, ಮೊದಲಕ್ಷರ ಒಂದು ಸಾಕು ಅಂದ. ಮೆತೋದಿ, ಹೋದ ಸಲ ಹಾಕಿದ್ದೇ ಇರಲಿ, ಹಾಗಾದರೆ ಯಾರೂ ಗೆಲ್ಲಲ್ಲ ಯಾರೂ ಸೋಲಲ್ಲ ಅಂದ. ನೀವೂ ಅಲ್ಲಿ ಗ್ರೀಕರೆದುರು ಹೀಗೆಯೇ ಕೂತಿರುತ್ತಿದ್ದಿರಾ, ಕಾಫಿ ಆರಿಹೋಗುವ ತನಕ? ನನಗೆ ಸಾಕಾಗಿತ್ತು. ಹೋದ ಸಲದ್ದೇ ಇರಲಿ ಎಂದುಬಿಟ್ಟೆ. ಎಲ್ಲರೂ ನಿಟ್ಟುಸಿರುಬಿಟ್ಟು ಒಂದೊಂದು ಲೋಟ ರಾಕಿಯಾ ಸಾರಾಯಿ ಕುಡಿದು ಹೋದರು.

ನೀನು ಬರಲೇಬೇಕೆಂದೇನಿಲ್ಲ ಮಗಳೇ. ಮರುದಿನವೇ ನಿನ್ನ ಸರೋವರ ಇದೆ, ತಲೆಗೆ ಸಾವಿರ ಕೆಲಸ ಇರುತ್ತದೆ. ಈಗ ಬರುವುದು ಒಳ್ಳೆಯದಲ್ಲ ಅಂತ ಪೊಲೀಸಿನವರೂ ಮೆತೋದಿಗೆ ಹೇಳಿದರಂತೆ. ಸಮಾಧಿಯ ಮೇಲೆ ನಿನ್ನ ಪಾಲಿನ ವೈನನ್ನೂ ನಾನೇ ಸುರಿಯುತ್ತೇನೆ. ಸತ್ತವರ ಹೆಸರಿನಲ್ಲಿ ಹಂಚುವ ಸಿಹಿ ಗೋಧಿಯನ್ನು ದೋನ್ಕಾ ಬೇಯಿಸಿಕೊಡುತ್ತಾಳೆ, ಕೇಳಿದರೆ. ಎಲ್ಲ ನಡೆದುಹೋಗುತ್ತದೆ.

ದೇವರು ನಿನ್ನ ಕೈ ಹಿಡಿದಿರಲಿ. ಬಾಯಿಗೆ ಬಂದದ್ದು ಅನ್ನುವವರಿಗೂ ಅವನೇ ತಂಪು ನೀರು ಕುಡಿಸಲಿ. ಸಹಿ ಮಾಡುವ ಜಾಗದಲ್ಲಿ ಗಾಳಿ ಜೋರು, ಶಾಲು ಹೊದ್ದುಕೋ.

ನಿನ್ನ ಅಪ್ಪ,
ವಾಂಗೆಲ್

ತಾ.ಕ.: ಶುಕ್ರವಾರ ಬೆಳಿಗ್ಗೆ. ಬಸ್ ನಿಲ್ದಾಣಕ್ಕೆ ಹೊರಟಿದ್ದೇನೆ, ಅವಸರ. ಬುಧವಾರ ಈ ಕಾಗದ ಮುಗಿಸಿ ಓದಿಕೊಂಡೆ, ಕಳುಹಿಸಲು ಮನಸ್ಸಾಗಲಿಲ್ಲ. ನಿನ್ನೆ ಪಂದೆ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತು ಚೀಟಿ ಬದಲಾಯಿಸಿದೆ. ಗಂಡ ವಾಂಗೆಲ್, ಮಗಳು ಬಿಸೆರ್ಕಾ, ಮಗ ಮೆತೋದಿ. ಪೂರ್ತಿ ಹೆಸರು, ದಪ್ಪ ಅಕ್ಷರ. ಸೇತುವೆಯಿಂದ ಚರ್ಚಿನವರೆಗೆ ನಾನೇ ಅಂಟಿಸಿದೆ. ಸಂಜೆಯೊಳಗೆ ಬಹಳ ಕಡೆ ನಿನ್ನ ಹೆಸರನ್ನು ಬೀಗದ ಕೈಯಿಂದ ಕೆರೆದು ಹಾಕಿದ್ದರು. ಅಮ್ಮನ ಮುಖ ಮುಟ್ಟಿಲ್ಲ. ನಮ್ಮ ಗೇಟಿನ ಮೇಲಿನದನ್ನು ಯಾರೂ ಮುಟ್ಟಕೂಡದು ಅಂತ ಅದರ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಮೆತೋದಿ ಬಂದು ಓದಿದ. ಹರಿದು ಹಾಕುತ್ತಾನೆ ಅಂದುಕೊಂಡೆ. ಒಳಗಿನಿಂದ ಇನ್ನೊಂದು ಕುರ್ಚಿ ತಂದು ಹಾಕಿಕೊಂಡ. ‘ನಿನ್ ಮಗಳಿಗೋಸ್ಕರ ಅಲ್ಲ ಮುದುಕಪ್ಪಾ, ಅಮ್ಮನ ಫೋಟೋಗೋಸ್ಕರ’ ಅಂದ. ಟ್ಯಾಕ್ಸಿಗೆ ಹೋಗಲಿಲ್ಲ. ಕತ್ತಲಾದ ಮೇಲೆ ತಾನಾಗಿಯೇ ಕೇಳಿದ, ‘ಶನಿವಾರ ಅಕ್ಕನೇ ಗೋಧಿ ಬೇಯಿಸ್ತಾಳಾ? ಸಕ್ಕರೆ ಜಾಸ್ತಿ ಸುರೀತಾಳೆ ಅವ್ಳು. ಕಮ್ಮಿ ಹಾಕು ಅಂತ ಬರಿ.’ ಬರೆದಿದ್ದೇನೆ. ದೋನ್ಕಾಳನ್ನು ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಇವತ್ತು ರಾತ್ರಿ ಗೋಧಿ ನೆನೆಹಾಕಿ ಇಟ್ಟಿರುತ್ತೇನೆ. ಬೇಯಿಸಲು ನೀನು ಬಾ.